ಮೂರನೆಯ ಎಳೆತ

ಆಲೂಗಡ್ಡೆಯ ಗೋಣಿಯಲ್ಲಿ ಸುತ್ತಿ ತಂದಿದ್ದ,
ಬೇಟೆ ಹೊತ್ತು ಬರುವವನ ಹಾಗೆ, ಹೆಗಲ ಮೇಲೆ.
ಇಳಿಸಿದ್ದಕ್ಕೆ ನನ್ನ ಮೇಜು ನರಳಿತು.
"ಹದಿನಾಲ್ಕು ಕೆಜಿ," ಅಂದ ಓಯ್ವಾ ಕರ್ಪಿನೆನ್,
"ಪೆಟ್ರೋಲು ತುಂಬಿದರೆ ಇನ್ನೂ ಮೇಲೆ."
ಹೊರಗೆ ಕುಹ್ಮೋ ಊರಿನ ಮೊದಲ ಹಿಮ
ಬೀಳಲೋ ಬೇಡವೋ ಎನ್ನುತ್ತಿತ್ತು.

ಗೋಣಿ ಬಿಚ್ಚಿದೆ.
ಬಣ್ಣವೆಲ್ಲ ಹೋಗಿ ತಿರುಪುಗಳ ಸಂದಿಯಲ್ಲಷ್ಟೇ ಕೆಂಪು.
ಕೆಳಗೆ ಮೆಗ್ನೀಷಿಯಂ ಮೈ; ಎರಕದ ಗೆರೆ
ಇನ್ನೂ ಉಗುರಿಗೆ ತಾಗುವಷ್ಟು ಚೂಪು.
ಪ್ಲಾಸ್ಟಿಕ್ಕಿಗಾಗಿ ಹುಡುಕಿದೆ,
ಕಾಳಿನಲ್ಲಿ ಕಲ್ಲು ಆರಿಸುವವಳ ಹಾಗೆ.
ಒಂದು ಚೂರೂ ಸಿಗಲಿಲ್ಲ.

"ಎಡಗಡೆಯ ಮೂರನೆಯ ತಿರುಪು ಹಟಮಾರಿ.
ಮೊದಲು ಇನ್ನಷ್ಟು ಬಿಗಿ ಮಾಡು, ಆಮೇಲೆ ಬಿಚ್ಚು."
ಕೇಳಿದೆ. ಅದೂ ಕೇಳಿತು.

ಹಗ್ಗದ ಹಿಡಿಯೊಂದನ್ನೇ ಹಿಡಿದು
ಇಡೀ ಗರಗಸವನ್ನು ನೆಲದಿಂದೆತ್ತಿದೆ.
ದಢಾರನೆ ಬೀಳಲಿಲ್ಲ ಅದು.
ಮೆಟ್ಟಿಲು ಇಳಿಯುವ ಅಜ್ಜಿಯ ಹಾಗೆ
ತಡೆದು, ಉಸಿರು ಬಿಟ್ಟು, ಮತ್ತೆ ತಡೆದು
ಕೆಳಗಿಳಿಯಿತು.
ಅರವತ್ತು ವರ್ಷದ ಪಿಸ್ಟನ್
ತನ್ನ ಗಾಳಿಯನ್ನು ಇನ್ನೂ ಬಿಟ್ಟುಕೊಟ್ಟಿಲ್ಲ!

ಗ್ಯಾಸ್ಕೆಟ್ ಮಾತ್ರ ಒಣಗಿ ಹಪ್ಪಳ.
ಸಿಲಿಂಡರ್ ಕಳಚಬೇಕಾಯಿತು.
ಒಳಗೆ, ಕಿಂಡಿಯ ಅಂಚಿನಲ್ಲಿ,
ಯಾರೋ ಅರ ಹಿಡಿದು ಕೈಯಾರೆ ಉಜ್ಜಿದ ಗುರುತು.
ಯಾವ ಕಾರ್ಖಾನೆಯ ಯಾವ ಸಂಜೆ ಪಾಳಿಯೋ,
ಯಾರ ಕಣ್ಣಿಗೂ ಬೀಳದ ಆ ಬೆರಳಗಲ ಜಾಗಕ್ಕೆ
ಮನೆಗೆ ಹೋಗುವ ಮುಂಚೆ ಒಬ್ಬ
ಇನ್ನೂ ನಾಲ್ಕು ಸಲ ಅರ ಆಡಿಸಿದ್ದಾನೆ.
ಅವನ ನಂತರ ಅದನ್ನು ನೋಡಿದವಳು
ನಾನೇ ಮೊದಲು.

"ಈಗ ಹೀಗೆ ಯಾರು ಮಾಡುತ್ತಾರೆ ಹೇಳಿ,"
ಅಂದುಬಿಟ್ಟೆ. ರಿಪೇರಿಯವರೆಲ್ಲ ಅನ್ನುವ ಮಾತು.

ಓಯ್ವಾ ಹಲ್ಲಿನಿಂದ ಕಚ್ಚಿ ಕೈಗವಸು ಎಳೆದ.
ಬೆರಳುಗಳು ಮೇಣದ ಬಿಳುಪು,
ತುದಿಯಿಂದ ಎರಡನೆಯ ಗೆಣ್ಣಿನವರೆಗೆ.
ಇಪ್ಪತ್ತೆರಡು ಚಳಿಗಾಲ, ದಿನಕ್ಕೆ ಎಂಟು ತಾಸು, ಪೈನ್ ಮರ.
ಕೋಟಿನ ಗುಂಡಿ ಈಗ ಐಲಿ ಹಾಕುತ್ತಾಳಂತೆ.
"ಹಿಡಿಕೆಗೂ ಎಂಜಿನ್ನಿಗೂ ನಡುವೆ
ಒಂದು ತುಂಡು ರಬ್ಬರು.
ಅಷ್ಟೊಂದು ತಲೆ ಓಡಿಸಿದವರಿಗೆ
ಅದೊಂದು ಹೊಳೆಯಲಿಲ್ಲ ನೋಡು."
ದನಿಯಲ್ಲಿ ಸಿಟ್ಟಿರಲಿಲ್ಲ. ಗರಗಸದ ನೆತ್ತಿ ಸವರಿದ.
"ಇದನ್ನು ಗಟ್ಟಿಯಾಗಿಯೇ ಮಾಡಿದ್ದರು.
ನನ್ನ ಅವ್ವ ನನಗೆ ಅಷ್ಟು ಬೋಲ್ಟು ಹಾಕಿರಲಿಲ್ಲ."

ಗೋಡೆಯ ಮೊಳೆಯಲ್ಲಿ ನನ್ನದು ತೂಗುತ್ತಿತ್ತು:
ಐದೂವರೆ ಕೆಜಿ, ಬಹುಪಾಲು ಪ್ಲಾಸ್ಟಿಕ್,
ಅಲುಗಾಟ ನುಂಗಲು ನಾಲ್ಕು ಸ್ಪ್ರಿಂಗು,
ಹತ್ತು ವರ್ಷಕ್ಕೆ ಗುಜರಿ.
ಅದನ್ನು ನೋಡಿ ಮುಖ ತಿರುಗಿಸಿದ್ದುಂಟು ಎಷ್ಟೋ ಸಲ.
ನನ್ನ ಬೆರಳಿಗೆ
ಬಿಸಿನೀರು ಇನ್ನೂ ಬಿಸಿ.

ಹೊಸ ಗ್ಯಾಸ್ಕೆಟ್ ಕತ್ತರಿಸಿ ಕೂರಿಸಿ,
ಪಾಯಿಂಟ್ ಉಜ್ಜಿ, ಪ್ಲಗ್ ಒರೆಸಿ,
ಅಂಗಳಕ್ಕೆ ಹೊತ್ತೆ. ಸೊಂಟ ನೆನಪಿಟ್ಟುಕೊಂಡಿತು.

ಮೊದಲ ಎಳೆತಕ್ಕೆ ಏನೂ ಇಲ್ಲ.
ಎರಡನೆಯದಕ್ಕೆ ಒಂದು ಕೆಮ್ಮು, ನೀಲಿ ಹೊಗೆ.
ಮೂರನೆಯದಕ್ಕೆ
ಸೌದೆ ರಾಶಿಯ ಕಾಗೆ ಹಾರಿತು,
ಎದುರು ಮನೆಯ ಕಿಟಕಿ ತೆರೆಯಿತು,
ಕಿಟಕಿಯಲ್ಲೊಬ್ಬ ಮುದುಕ
ಟೋಪಿ ತೆಗೆದು ಕಿವಿಗೊಟ್ಟ.

ಓಯ್ವಾ ಮಂಡಿಯೂರಿ
ಬರಿಗೈಯನ್ನು ಹಿಡಿಕೆಯ ಮೇಲಿಟ್ಟ.
ಮೊಣಕೈವರೆಗೆ ಕೋಟಿನ ತೋಳು ಅದುರುತ್ತಿತ್ತು.
ನನ್ನ ಕಡೆ ತಿರುಗಿ ಕೂಗಿ ಕೇಳಿದ:
"ನಡುಗುತ್ತಿದೆಯಾ?"

"ಹೂಂ," ಅಂದೆ. "ಚೆನ್ನಾಗಿ."

ತಲೆದೂಗಿದ, ದೂರದೂರಿನ ನೆಂಟರ
ಕ್ಷೇಮ ಸಮಾಚಾರ ಕೇಳಿದವನ ಹಾಗೆ.
ಟ್ಯಾಂಕು ಬರಿದಾಗುವ ತನಕ
ಕೈ ತೆಗೆಯಲಿಲ್ಲ.